ನೀತಿಪಾಠವೂ ಕಾಲುವೆಯ ತೂಬೂ



ಕರಿಹಲಗೆಯ ಮೇಲೆ ಸುಭಾಷಿತ ಬರೆದರೆ ಮೌಲ್ಯಶಿಕ್ಷಣ ಮುಗಿಯಿತೆಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ಬೇರೂರಿದೆ. ಅದು ಸಾಲದೆಂಬುದು ನನ್ನ ಅಭಿಪ್ರಾಯ. ‘ಕದಿಯಬಾರದು’ ಎಂದು ಬಾಲ್ಯದಲ್ಲಿ ಕಾಪಿ ಬರೆಯದವರು ಯಾರು? ಆದರೂ 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಸಲ್ಲಿಸಿದ ಬಳ್ಳಾರಿ ಅಕ್ರಮ ಗಣಿಗಾರಿಕೆಯ ಲೋಕಾಯುಕ್ತ ವರದಿಯಲ್ಲಿ ನೂರಾರು ಅಧಿಕಾರಿಗಳ ಉಲ್ಲೇಖವಿತ್ತು. ಅವರೂ ಶಾಲೆ ಕಲಿತವರೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ (1927–1987) ನೈತಿಕ ವಿವೇಚನೆಯಲ್ಲಿ ಆರು ಹಂತಗಳನ್ನು ಗುರುತಿಸಿದರು. ಶಿಕ್ಷೆಯ ಭಯ ಮೊದಲನೆಯದು. ಸಾರ್ವತ್ರಿಕ ತತ್ತ್ವಗಳಲ್ಲಿ ನಿಷ್ಠೆ ಕೊನೆಯದು. ಇಕ್ಕಟ್ಟಿನ ಪ್ರಶ್ನೆಗಳನ್ನು ಚರ್ಚಿಸುತ್ತ ಮಗು ಮೇಲೇರುತ್ತದೆಂದು ಅವರು ನಂಬಿದ್ದರು. ನ್ಯಾಯದಷ್ಟೇ ಅಕ್ಕರೆಯೂ ನೀತಿಯ ಅಳತೆಗೋಲೆಂದು 1982ರಲ್ಲಿ ಕ್ಯಾರೊಲ್ ಗಿಲ್ಲಿಗನ್ ಆಕ್ಷೇಪಿಸಿದರು. ನಮ್ಮ ಪುಣ್ಯಕೋಟಿಯ ಕಥೆಯಲ್ಲಿ ಎರಡೂ ಇವೆ: ಹುಲಿಗೆ ಕೊಟ್ಟ ಮಾತು ಒಂದೆಡೆ, ಎಳೆಗರು ಇನ್ನೊಂದೆಡೆ. ನಾವೋ ಅದನ್ನು ಹಾಡಿಸಿ ಸುಮ್ಮನಾಗುತ್ತೇವೆ, ‘ನೀನಾಗಿದ್ದರೆ?’ ಎಂದು ಕೇಳುವುದಿಲ್ಲ.

ಸಿರುಗುಪ್ಪ, ಕುರುಗೋಡು ಕಡೆಯ ಮಕ್ಕಳನ್ನು ಹೀಗೆ ಕೇಳಿರಿ: ನಿಮ್ಮ ಭತ್ತ ಒಣಗುತ್ತಿದೆ. ರಾತ್ರಿ ತೂಬು ಎತ್ತಿದರೆ ಬೆಳೆ ಉಳಿಯುತ್ತದೆ. ಕಾಲುವೆಯ ಕೊನೆಯ ರೈತನಿಗೆ ನೀರಿಲ್ಲ. ಅಪ್ಪ ಜೊತೆಗೆ ಬಾ ಎಂದರೆ ಏನು ಮಾಡುವಿರಿ? ಏಕೆ?

ಉತ್ತರಿಸಿದವರೆಲ್ಲ ಹಾಗೆಯೇ ನಡೆದಾರೆಂಬ ಭರವಸೆಯಿಲ್ಲ, ನಿಜ. ಆದರೆ ಒಮ್ಮೆಯೂ ಯೋಚಿಸದವನನ್ನು ತಡೆಯುವುದು ಸಿಕ್ಕಿಬೀಳುವ ಭಯವೊಂದೇ. ಕಾವಲುಗಾರನಿಲ್ಲದ ರಾತ್ರಿ ಅದೂ ಇರದು.

ಶಿಕ್ಷಕರಾಗಿರುವ ನನ್ನ ಶಿಷ್ಯರು ವಾರಕ್ಕೊಂದು ಪೀರಿಯಡ್ ಇಂತಹ ಚರ್ಚೆಗೆ ಮೀಸಲಿಡಲಿ. ಅದಕ್ಕೆ ಅಂಕ ಮಾತ್ರ ಕೊಡಬೇಡಿರಿ. ಕೊಟ್ಟರೆ ಮಕ್ಕಳು ನಿಮಗೆ ಬೇಕಾದ ಉತ್ತರವನ್ನೇ ಬರೆದಾರು.