ಪದವಿಯ ಅನಂತರದ ಓದು ಮತ್ತು ನಮ್ಮ ಹೊಣೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಹಳೆಯ ನೆನಪುಗಳನ್ನು ಕುರಿತು ನಾಲ್ಕು ಪುಟ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದರು. ನೆನಪುಗಳನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಬೇರೊಂದು ಮಾತು ಹೇಳುವುದಿದೆ; ಅದು ಉತ್ಸವದ ಸಡಗರಕ್ಕೆ ಅಷ್ಟಾಗಿ ಒಗ್ಗದಿದ್ದರೆ ಓದುಗರು ಮನ್ನಿಸಬೇಕು. ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣದಿಂದ ಶಾಲೆಯ ಮುಂದೆ ಒಂದು ಮಹಾದ್ವಾರವನ್ನು ಕಟ್ಟಿಸಬೇಕೆಂಬ ಸೂಚನೆ ಸಮಿತಿಯ ಮುಂದಿದೆಯಷ್ಟೆ. ಆ ಹಣವನ್ನು ಪದವಿಯ ಅನಂತರವೂ ಓದನ್ನು ಮುಂದುವರಿಸುವ ನಮ್ಮ ಮಕ್ಕಳಿಗೆ ಕೈಗಡವಾಗಿ ಕೊಡಲು ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ.

ಮೆಟ್ರಿಕ್ ಮಾತ್ರ ಓದಿದ ಮುದುಕನೊಬ್ಬನಿಗೆ ಎಂ.ಎ., ಪಿಎಚ್.ಡಿ.ಗಳ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಾನು ಹುಟ್ಟಿದಾಗ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈ ಅವಿನಾಶಿಯೂ ಆಗ ಅದೇ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಓದಿ 1967ರಲ್ಲಿ ಮೆಟ್ರಿಕ್ ಮುಗಿಸಿದೆ. ನಮ್ಮ ಹೆಡ್‌ಮಾಸ್ತರರು ತಂದೆಯವರನ್ನು ಕರೆಸಿ, ಹುಡುಗನನ್ನು ಮೈಸೂರಿಗೆ ಕಳುಹಿಸಿ, ಕಾಲೇಜಿನ ಶುಲ್ಕವನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ತಂದೆಯವರು ಮಗ್ಗದ ಕೆಲಸದವರು. ಅವರು ಕೇಳಿದ್ದು ಒಂದೇ ಮಾತು: “ಶುಲ್ಕ ನೀವು ಕಟ್ಟುತ್ತೀರಿ ಸ್ವಾಮಿ, ಇವನ ಕೂಲಿಯನ್ನು ಮನೆಗೆ ಯಾರು ತಂದುಕೊಡುತ್ತಾರೆ?” ಹೆಡ್‌ಮಾಸ್ತರರಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾನು ಶಿಕ್ಷಕರ ತರಬೇತಿಗೆ ಸೇರಿದೆ. ಬೇಗ ಸಂಬಳ ಬರುವ ದಾರಿ ಅದೊಂದೇ ಆಗಿತ್ತು. ಅದಕ್ಕಾಗಿ ನಾನು ಪಶ್ಚಾತ್ತಾಪ ಪಟ್ಟವನಲ್ಲ. ಆದರೆ ತಂದೆಯವರ ಪ್ರಶ್ನೆ ಮಾತ್ರ ಇಂದಿಗೂ ಈ ಊರಿನ ಮನೆಮನೆಯಲ್ಲಿ ಕೇಳಿಬರುತ್ತಿದೆ.

ಉನ್ನತ ವ್ಯಾಸಂಗದ ಖರ್ಚೆಂದರೆ ಶುಲ್ಕ, ಪುಸ್ತಕ, ಹಾಸ್ಟೆಲು ಎಂದು ನಾವು ಲೆಕ್ಕ ಹಾಕುತ್ತೇವೆ. ಅವಿನಾಶಿಯಲ್ಲಿ ಆ ಲೆಕ್ಕ ಅಪೂರ್ಣ. ಇಲ್ಲಿಂದ ತಿರುಪ್ಪೂರು ಸ್ವಲ್ಪ ಹೊತ್ತಿನ ಬಸ್ಸಿನ ದಾರಿ. ಅಲ್ಲಿನ ಬನಿಯನ್ ಕಂಪನಿಗಳಲ್ಲಿ ಕೈಕಾಲು ಗಟ್ಟಿಯಿರುವ ಯಾರಿಗೂ ಕೆಲಸವಿಲ್ಲವೆಂಬ ಮಾತಿಲ್ಲ; ಶನಿವಾರ ಸಂಜೆ ವಾರದ ಕೂಲಿ ಕೈಗೆ ಬರುತ್ತದೆ. ಇಪ್ಪತ್ತೊಂದು ವರ್ಷದ ಪದವೀಧರನೊಬ್ಬ ಇನ್ನೂ ಎರಡು ವರ್ಷ ಎಂ.ಎಸ್ಸಿ., ಆಮೇಲೆ ಐದು ವರ್ಷ ಸಂಶೋಧನೆ ಎಂದು ಹೊರಟರೆ, ಮನೆಯವರು ಕಳೆದುಕೊಳ್ಳುವುದು ಅಷ್ಟೂ ಶನಿವಾರಗಳನ್ನು. ಬೇರೆ ಊರುಗಳಲ್ಲಿ ಕೆಲಸ ಸಿಗದೆ ಹುಡುಗರು ಎಂ.ಎ.ಗೆ ಸೇರುತ್ತಾರೆಂದು ಕೇಳಿದ್ದೇನೆ. ನಮ್ಮಲ್ಲಿ ಕೆಲಸ ಸಿಗುತ್ತದೆಂದೇ ಓದು ನಿಲ್ಲುತ್ತದೆ.

ಹಾಗಾದರೆ ಸರ್ಕಾರದ ನೆರವಿಲ್ಲವೆ? ಇದೆ, ಹಿಂದಿಗಿಂತ ಬಹಳ ಹೆಚ್ಚಾಗಿಯೇ ಇದೆ. ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಎಂ.ಟೆಕ್. ಓದುವವರಿಗೆ ತಿಂಗಳಿಗೆ 12,400 ರೂಪಾಯಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಅನಂತರ 42,000 ರೂಪಾಯಿ. ಅಂಕಿಗಳನ್ನು ನೋಡಿದರೆ ನಮ್ಮ ಕಾಲದವರಿಗೆ ಕಣ್ಣು ಕತ್ತಲೆ ಬರುತ್ತದೆ. ಆದರೆ ಈ ವೇತನ ದೊರೆಯುವುದು ಪರೀಕ್ಷೆಗೆ ಕುಳಿತವರಲ್ಲಿ ಕೆಲವರಿಗೆ ಮಾತ್ರ. ಉಳಿದವರು ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಕೈಯಿಂದ ಹಾಕಿಕೊಂಡೇ ಸಂಶೋಧನೆ ಮಾಡುತ್ತಾರೆ. ದೊರೆತವರಿಗೂ ಅದು ಸಂಬಳದಂತೆ ತಿಂಗಳ ಕೊನೆಗೆ ಬರುತ್ತದೆಂಬ ಭರವಸೆಯಿಲ್ಲ. ಸೇರ್ಪಡೆಯ ವರದಿ ಹೋಗಬೇಕು, ಮಾರ್ಗದರ್ಶಕರ ಸಹಿಯಾಗಬೇಕು, ಹಾಜರಿಯನ್ನು ವಿಶ್ವವಿದ್ಯಾಲಯ ತಿಂಗಳು ತಿಂಗಳೂ ದೃಢೀಕರಿಸಬೇಕು. ಎಲ್ಲಿಯಾದರೂ ಒಂದು ಕಾಗದ ನಿಂತರೆ ಹಣವೂ ನಿಲ್ಲುತ್ತದೆ. ಪುಸ್ತಕ, ಕ್ಷೇತ್ರಕಾರ್ಯಗಳಿಗೆಂದು ಸಾದಿಲ್ವಾರು ಅನುದಾನ ಬೇರೆ ಇದೆ, ಆದರೆ ಸಾಮಾನ್ಯವಾಗಿ ಮೊದಲು ನೀವು ಖರ್ಚು ಮಾಡಿ ರಸೀದಿ ಕೊಡಬೇಕು.

ನಮ್ಮ ಶಾಲೆಯಲ್ಲಿ ಓದಿದ ಒಬ್ಬ ಹೆಣ್ಣುಮಗಳ ವಿಷಯವನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡವೆಂದಿದ್ದಾಳೆ. ಮನೆಯಲ್ಲಿ ಎರಡು ಮಗ್ಗ. ಎಂ.ಎ. ಮುಗಿಸಿ, ಆ ಕಠಿಣ ಪರೀಕ್ಷೆಯನ್ನು ಗೆದ್ದು, 2019ರ ಜುಲೈಯಲ್ಲಿ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದಳು. ಆಗ ವೇತನ ತಿಂಗಳಿಗೆ 31,000 ರೂಪಾಯಿ. ಮರುವರ್ಷ ಜನವರಿಯಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ಅವಳನ್ನು ಕರೆಸಿದೆವು. ವೇದಿಕೆಯ ಮೇಲೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟೆವು. ನಿವೃತ್ತನಾದ ನನ್ನ ಕೈಯಿಂದಲೇ ಸನ್ಮಾನವಾಯಿತು. ನಾನು ಅರ್ಧ ಗಂಟೆ ಮಾತನಾಡಿದೆ. ಸಮಾರಂಭ ಮುಗಿದ ಮೇಲೆ ಅವಳು ನನ್ನ ಬಳಿ ಬಂದು, “ಮೇಷ್ಟ್ರೇ, ಇನ್ನೂ ಹದಿನೈದು ದಿನ ಇಲ್ಲೇ ಇದ್ದು ಹೋಗುತ್ತೇನೆ” ಎಂದಳು. ನಾನು ಗದರಿದೆ. ಸಂಶೋಧಕರಿಗೆ ಗ್ರಂಥಾಲಯವೇ ಮನೆ, ಊರಿನಲ್ಲಿ ಕುಳಿತು ಕಾಲ ಕಳೆಯಬಾರದು ಎಂದೆ. ಅವಳು ತಲೆ ತಗ್ಗಿಸಿ ಆಗಲಿ ಎಂದಳು, ಮಾರನೆಯ ದಿನವೇ ಹೊರಟಳು.

ಏಳು ತಿಂಗಳಿಂದ ಅವಳಿಗೆ ಒಂದು ರೂಪಾಯಿಯೂ ಬಂದಿರಲಿಲ್ಲವೆಂದೂ, ಮೆಸ್ಸಿನ ಬಾಕಿ ಏರಿ ಊಟ ನಿಲ್ಲಿಸಿದ್ದರೆಂದೂ, ಮನೆಯಲ್ಲಿದ್ದರೆ ಎರಡು ಹೊತ್ತು ಉಣ್ಣಬಹುದೆಂದೇ ಆ ಹದಿನೈದು ದಿನ ಕೇಳಿದ್ದಳೆಂದೂ ನನಗೆ ತಿಳಿದದ್ದು 2022ರಲ್ಲಿ, ಅವಳ ತಾಯಿಯಿಂದ. ಆ ತಾಯಿ ಕಿವಿಯ ಓಲೆಯನ್ನು ಗಿರವಿ ಇಟ್ಟು ಮೆಸ್ಸಿನ ಬಾಕಿಯನ್ನು ಕಟ್ಟಿಸಿದ್ದರು. ಹಣವೇನೋ ಬಂತು. 2020ರ ಮಾರ್ಚ್ ಮೊದಲ ವಾರದಲ್ಲಿ ಎಂಟು ತಿಂಗಳಿನದೂ ಒಟ್ಟಿಗೆ, 2,48,000 ರೂಪಾಯಿ. ನಾವು ಹೊದಿಸಿದ ಶಾಲಿಗೂ ಬುಟ್ಟಿಗೂ ಆದ ಖರ್ಚಿನಲ್ಲಿ ಅವಳ ಊಟ ಎಷ್ಟು ದಿನ ನಡೆಯುತ್ತಿತ್ತೆಂದು ನಾನು ಆಮೇಲೆ ಲೆಕ್ಕ ಹಾಕಿ ನೋಡಿದೆ. ಆ ಲೆಕ್ಕವನ್ನು ಇಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ.

ಅವಳು ತಾಳಿಕೊಂಡಳು. ಅದೇ ವರುಷಗಳಲ್ಲಿ ರಸಾಯನಶಾಸ್ತ್ರ ಓದಲು ಹೋದ ಇನ್ನೊಬ್ಬ ವಿದ್ಯಾರ್ಥಿ ವೇತನವಿಲ್ಲದೆ ಐದನೆಯ ತಿಂಗಳಿಗೆ ಹಿಂದಿರುಗಿದ. ಈಗ ತಿರುಪ್ಪೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ, ಮನೆ ಕಟ್ಟಿದ್ದಾನೆ. ಎದುರಿಗೆ ಸಿಕ್ಕಾಗ ಓದಿನ ಮಾತೆತ್ತುವುದಿಲ್ಲ.

ಇಲ್ಲಿ ಮನೆಯವರಿಗೂ ಒಂದು ಮಾತು ಹೇಳಬೇಕು, ಕೋಪಿಸಿಕೊಳ್ಳಬಾರದು. ಆ 2,48,000 ರೂಪಾಯಿ ಬಂದ ಹದಿನೈದು ದಿನಗಳಲ್ಲಿ ಅದರ ಬಹುಪಾಲು ಅಣ್ಣನ ಸಾಲಕ್ಕೂ ಚೀಟಿಯ ಕಂತಿಗೂ ಹೋಯಿತು. ಮಗಳಿಗೆ ಕೆಲಸ ಸಿಕ್ಕಿದೆಯೆಂದು ಬೀದಿಯವರು ತಿಳಿದರು, ಮನೆಯವರೂ ಹಾಗೆಯೇ ತಿಳಿದರು. ಸಂಶೋಧನಾ ವೇತನ ಸಂಬಳವಲ್ಲ. ಅದು ಐದು ವರ್ಷಕ್ಕೆ ಮುಗಿಯುತ್ತದೆ, ಪ್ರಬಂಧ ಮುಗಿಯಲಿ ಬಿಡಲಿ. ಅದರಲ್ಲಿ ಮನೆಗೆ ಸ್ವಲ್ಪ ಕೊಡಬಾರದೆಂದು ನಾನು ಹೇಳುವವನಲ್ಲ, ಹಾಗೆ ಹೇಳಿದರೆ ಮಕ್ಕಳೇ ಒಪ್ಪುವುದಿಲ್ಲ. ಆದರೆ ಬಾಕಿ ಹಣ ಒಟ್ಟಿಗೆ ಬಂದಾಗ ಆರು ತಿಂಗಳ ಊಟ, ಬಾಡಿಗೆಗಳಿಗೆ ಆಗುವಷ್ಟನ್ನು ಮೊದಲು ಬೇರೆ ಖಾತೆಯಲ್ಲಿ ಇಟ್ಟು, ಆಮೇಲೆ ಉಳಿದುದರ ಮಾತು.

ಹಿಂದಿನವರು ಇದಕ್ಕಿಂತ ಹೆಚ್ಚು ಕಷ್ಟಪಟ್ಟು ಓದಲಿಲ್ಲವೆ ಎನ್ನುವವರುಂಟು. ವಾರಾನ್ನದ ಕಥೆಯನ್ನೂ ಡಾ. ಎಚ್. ನರಸಿಂಹಯ್ಯನವರ ಕಥೆಯನ್ನೂ ಹೇಳುತ್ತಾರೆ. ನಾನೂ ತರಗತಿಯಲ್ಲಿ ನೂರು ಸಲ ಹೇಳಿದ್ದೇನೆ: ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಹುಡುಗ 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲಿಗೆ ಸೇರಿದ, 1960ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಕಥೆಯ ಉತ್ತರಾರ್ಧವನ್ನು ನಾವು ಬಿಟ್ಟುಬಿಡುತ್ತೇವೆ. ನಡೆದು ಹೋದ ಆ ಮನುಷ್ಯನೇ ಮುಂದೆ ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜುಗಳನ್ನು ತೆರೆಸಿದರು. ಅಲ್ಲಿನ ಮಕ್ಕಳು ನಡೆಯಬೇಕಾಗಿಲ್ಲ. ವಾರಾನ್ನವೂ ಎಲ್ಲರಿಗೂ ಸಿಗುತ್ತಿದ್ದುದಲ್ಲ. ಯಾರ ಮನೆಯ ಊಟಕ್ಕೆ ಯಾರ ಮಗ ಕೂರಬಹುದಾಗಿತ್ತೆಂಬುದು ಹಿರಿಯರಿಗೆಲ್ಲ ಗೊತ್ತು.

ಡಾ. ಅಂಬೇಡ್ಕರರ ವಿದ್ಯಾರ್ಥಿ ಜೀವನವನ್ನಾದರೂ ನೋಡಿ. ಬರೋಡದ ಮಹಾರಾಜರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನದಿಂದ ಅವರು 1913ರಲ್ಲಿ ಕೊಲಂಬಿಯಾಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ಹೋಗಿ ಓದುತ್ತಿದ್ದಾಗ ವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ನಡುವೆಯೇ ಬಿಟ್ಟು ಹಿಂದಿರುಗಬೇಕಾಯಿತು. ಬುದ್ಧಿಯ ಕೊರತೆಯಿಂದಲ್ಲ, ಶ್ರಮದ ಕೊರತೆಯಿಂದಲೂ ಅಲ್ಲ. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣ, ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಇವುಗಳೊಡನೆ ನವಲ್ ಭಟೇನಾ ಎಂಬ ಪಾರ್ಸಿ ಗೆಳೆಯ ಸಾಲವಾಗಿ ಕೊಟ್ಟ 5,000 ರೂಪಾಯಿ ಸೇರಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಮಹಾರಾಜರ ಹೆಸರನ್ನು ಎಲ್ಲರೂ ಬಲ್ಲರು. ಆ ಗೆಳೆಯನ ಹೆಸರನ್ನು ಎಷ್ಟು ಮಂದಿ ಬಲ್ಲರು? ಸರ್ಕಾರ ಇಂದು ಮಹಾರಾಜರ ಸ್ಥಾನದಲ್ಲಿದೆ. ಅದು ಕೊಡಲಿ, ಕೊಡಬೇಕು, ಹೊತ್ತಿಗೆ ಸರಿಯಾಗಿ ಕೊಡಬೇಕೆಂದು ನಾವು ಕೇಳಲೂ ಬೇಕು. ನಮ್ಮಂಥವರಿಗೆ ಉಳಿದಿರುವುದು ಗೆಳೆಯನ ಸ್ಥಾನ.

ಬ್ಯಾಂಕಿನ ಶಿಕ್ಷಣ ಸಾಲವಿದೆಯಲ್ಲ ಎಂದರೆ, ಅದು ದೊಡ್ಡ ಶುಲ್ಕದ ಕೋರ್ಸುಗಳಿಗೆ ತಕ್ಕುದು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲವೆಂಬುದು ನಿಜವಾದರೂ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ, ತಂದೆಯೂ ಸಹಸಾಲಗಾರನಾಗಿ ಸಹಿ ಹಾಕಬೇಕು. ಎಂಟು ತಿಂಗಳ ಊಟಕ್ಕೆ ಆ ದಾರಿ ಹಿಡಿಯುವುದು ಸೊಳ್ಳೆಗೆ ಕೊಡಲಿ ಎತ್ತಿದಂತೆ.

ನಾನು ಕೇಳುತ್ತಿರುವುದು ಹೊಸತೇನಲ್ಲ. ಜಮ್‌ಷೆಟ್‌ಜಿ ಟಾಟಾ ಅವರು 1892ರಲ್ಲಿಯೇ ಉನ್ನತ ವ್ಯಾಸಂಗಕ್ಕೆ ಹೊರಟವರಿಗೆ ದತ್ತಿನಿಧಿಯೊಂದನ್ನು ಸ್ಥಾಪಿಸಿದರು. ಅದು ಕೊಡುವುದು ದಾನವನ್ನಲ್ಲ, ಸಾಲರೂಪದ ವಿದ್ಯಾರ್ಥಿವೇತನವನ್ನು. ಹಿಂದಿರುಗಿದ ಹಣ ಮುಂದಿನವರಿಗೆ ಸಲ್ಲುತ್ತದೆ. ಅಷ್ಟು ದೊಡ್ಡ ಹಣ ನಮ್ಮಲ್ಲೆಲ್ಲಿ ಎನ್ನುವವರಿಗೆ ಉಡುಪಿಯ ಉದಾಹರಣೆಯಿದೆ. ಕೈಮಗ್ಗದ ಕಸುಬು ಕೆಟ್ಟು ನೇಕಾರರು ಕಂಗಾಲಾಗಿದ್ದಾಗ ಅವರಿಗೆ ನೆರವಾಗಲೆಂದು ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಅವರು 1925ರಲ್ಲಿ ಒಂದು ಬ್ಯಾಂಕನ್ನು ತೆರೆದರು. 1928ರಲ್ಲಿ ಪಿಗ್ಮಿ ಠೇವಣಿ ಬಂದಿತು: ದಿನಕ್ಕೆ ಎರಡಾಣೆ, ಅದನ್ನು ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನೇಕಾರರ ಎರಡಾಣೆಯ ಬಲ ಎಷ್ಟೆಂಬುದನ್ನು ನೇಕಾರರ ಮಕ್ಕಳಾದ ನಮಗೆ ಬೇರೆಯವರು ಹೇಳಬೇಕೆ?

ನಿಧಿಯ ನಿಯಮಗಳನ್ನು ಸಮಿತಿಯ ತಿಳಿದವರು ಬರೆಯಲಿ. ನನ್ನ ಮನಸ್ಸಿನಲ್ಲಿರುವುದು ಇಷ್ಟು. ನಮ್ಮ ಶಾಲೆಯಲ್ಲಿ ಓದಿ, ಪದವಿಯ ಅನಂತರ ಎಲ್ಲಿಯೇ ಆಗಲಿ ಮುಂದಕ್ಕೆ ಓದುತ್ತಿರುವ ಯಾರಿಗಾದರೂ 50,000 ರೂಪಾಯಿಯವರೆಗೆ ಬಡ್ಡಿಯಿಲ್ಲದ ಕೈಗಡ, ಜಾಮೀನು ಬೇಡ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯವಾಗಲಿ, ಭಾರತಿಯಾರ್ ವಿಶ್ವವಿದ್ಯಾಲಯವಾಗಲಿ, ಮೈಸೂರಾಗಲಿ. ತಮಿಳು ಎಂ.ಎ. ಓದುವವನಿಗೂ ಕೊಡಬೇಕು, ಇದರಲ್ಲಿ ಭಾಷಾಭಿಮಾನವನ್ನು ತೂರಿಸುವುದು ಬೇಡ. ವೇತನದ ಬಾಕಿ ಬಂದಾಗ ಅಥವಾ ಕೆಲಸ ಸಿಕ್ಕ ಒಂದು ವರ್ಷದೊಳಗೆ ಹಿಂದಿರುಗಿಸಬೇಕು. ಪಡೆದವರ ಹೆಸರನ್ನು ಸಭೆಯಲ್ಲಿ ಓದಬಾರದು, ಫಲಕದಲ್ಲಿ ಬರೆಯಬಾರದು, ಶಾಲು ಹೊದಿಸಬಾರದು. ಕೇಳುವುದಕ್ಕೆ ಅಂಜುವಂತಾದರೆ ನಿಧಿ ಇದ್ದೂ ಇಲ್ಲದಂತೆ.

ಹಿಂದಿರುಗಿಸದವರ ಪಾಡೇನು ಎಂದು ಖಜಾಂಚಿಯವರು ಈಗಾಗಲೇ ನನ್ನನ್ನು ಕೇಳಿದ್ದಾರೆ. ಕೆಲವರು ಹಿಂದಿರುಗಿಸಲಾರರು, ಅದು ನನಗೂ ಗೊತ್ತು. ಮಗ್ಗದ ಮಾಲೀಕನಿಂದ ಮುಂಗಡ ಪಡೆದು, ಅದು ತೀರುವವರೆಗೆ ಬೇರೆಡೆಗೆ ಹೋಗಲಾಗದೆ ಅದೇ ಮಗ್ಗಕ್ಕೆ ಕಟ್ಟಿಬಿದ್ದ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಹಣ ಅಂಥ ಹಗ್ಗವಾಗಬಾರದು. ವರ್ಷಕ್ಕೊಂದು ಕಾಗದ ಬರೆದು ನೆನಪಿಸಿದರೆ ಸಾಕು. ಹತ್ತರಲ್ಲಿ ಏಳು ಮಂದಿ ಕೊಟ್ಟರೂ ನಿಧಿ ನಡೆಯುತ್ತದೆ, ಉಳಿದುದನ್ನು ಹಳೆಯ ವಿದ್ಯಾರ್ಥಿಗಳಾದ ನೀವು ತುಂಬಬೇಕು. ತಿಂಗಳಿಗೆ ನೂರು ರೂಪಾಯಿಯಂತೆ ಇನ್ನೂರು ಮಂದಿ ಕೊಟ್ಟರೆ ವರ್ಷಕ್ಕೆ 2,40,000 ರೂಪಾಯಿ. ಆ ಹೆಣ್ಣುಮಗಳಿಗೆ ಬರಬೇಕಾಗಿದ್ದ ಬಾಕಿಗೆ ಎಂಟೇ ಸಾವಿರ ಕಡಿಮೆ.

ಅವಳು ಕಳೆದ ವರ್ಷ ಪ್ರಬಂಧವನ್ನು ಒಪ್ಪಿಸಿದಳು. ತಾಯಿಯ ಓಲೆ ಗಿರವಿ ಅಂಗಡಿಯಿಂದ ಮನೆಗೆ ಬಂದಿದೆ. ಈ ಲೇಖನವನ್ನು ಬರೆಯುತ್ತಿದ್ದೇನೆಂದು ತಿಳಿಸಿದಾಗ ಅವಳು ನಿಧಿಗೆಂದು 5,000 ರೂಪಾಯಿ ಕಳುಹಿಸಿದ್ದಾಳೆ. ಅದರ ಜೊತೆಗೆ ನನ್ನ ಪಿಂಚಣಿಯ 10,000 ರೂಪಾಯಿಯನ್ನು ಸೇರಿಸಿ ಕಾರ್ಯದರ್ಶಿಯವರ ಕೈಗೆ ಒಪ್ಪಿಸಿದ್ದೇನೆ. ಮಹಾದ್ವಾರದ ವಿಷಯದಲ್ಲಿ ಸಮಿತಿಯ ತೀರ್ಮಾನ ಏನೇ ಆಗಲಿ, ಈ 15,000 ರೂಪಾಯಿಯನ್ನು ದ್ವಾರದ ಲೆಕ್ಕಕ್ಕೆ ಬರೆದುಕೊಳ್ಳಬಾರದೆಂದು ರಸೀದಿಯ ಹಿಂಬದಿಯಲ್ಲಿ ಬರೆಸಿ ಸಹಿ ಪಡೆದಿದ್ದೇನೆ.