ಹಳೇ ಬೆಂಕಿಪೆಟ್ಟಿಗೆ, ಹೊಸಾ ಸರ್ವರ್ರು

ಬೆಂಕಿಪೆಟ್ಟಿಗೆ ಅಂದ್ರೆ ನಮಗೆಲ್ಲ ಕಡ್ಡಿ ಗೀರೋ ಪೆಟ್ಟಿಗೆ ತಾನೆ? ಅಮೆರಿಕದ ಬಾಸ್ಟನ್ ಊರಲ್ಲಿ ಬೆಂಕಿ ಆರಿಸೋಕೆ ಅಂತಲೇ ಒಂದು ಪೆಟ್ಟಿಗೆ ಇದೆ. ರಸ್ತೆ ಪಕ್ಕದಲ್ಲಿ, ಕೆಂಪು ಬಣ್ಣದ್ದು. ಬಾಗಿಲು ತೆಗೆದು ಒಳಗಿನ ಕೊಕ್ಕೆ ಎಳೆದರೆ, ಕೀಲಿ ಕೊಟ್ಟ ಗಡಿಯಾರದ ಥರ ಒಂದು ಹಲ್ಲಿನ ಚಕ್ರ ತಿರುಗಿ, ತಂತಿಯ ಮೇಲೆ ಟಕ್ ಟಕ್ ಟಕ್ ಅಂತ ಆ ಪೆಟ್ಟಿಗೆಯ ನಂಬರನ್ನ ಅಗ್ನಿಶಾಮಕದವರ ಕಚೇರಿಗೆ ಕುಟ್ಟುತ್ತೆ. ಅಷ್ಟೇ. ಮಾತಿಲ್ಲ ಕತೆಯಿಲ್ಲ. ವಿಲಿಯಂ ಚಾನಿಂಗ್ ಅನ್ನೋ ವೈದ್ಯರೂ ಮೋಸೆಸ್ ಫಾರ್ಮರ್ ಅನ್ನೋ ತಂತ್ರಜ್ಞರೂ ಸೇರಿ ಕಟ್ಟಿದ ವ್ಯವಸ್ಥೆ ಇದು, 1852ರಲ್ಲಿ ಶುರುವಾಗಿದ್ದು. ನಮ್ಮಲ್ಲಿ ಬೊಂಬಾಯಿಂದ ಠಾಣೆಗೆ ಮೊದಲ ರೈಲು ಓಡಿದ್ದಕ್ಕಿಂತ ಒಂದು ವರ್ಷ ಹಳೇದು!

ಈಗ ಇದನ್ನ ಕೇಳಿ. 2024ರ ಜೂನ್ 18ರ ಮಧ್ಯಾಹ್ನ ಮಸಾಚುಸೆಟ್ಸ್ ರಾಜ್ಯಕ್ಕೆ ರಾಜ್ಯವೇ 911 ಇಲ್ಲದೆ ಸುಮಾರು ಎರಡು ಗಂಟೆ ಕೂತಿತ್ತು. ಕಾರಣ? ಒಂದು ಫೈರ್‌ವಾಲ್. ಬೆಂಕಿಯ ಹೆಸರಿಟ್ಟುಕೊಂಡ ಆ ಮಹಾಶಯನೇ ಕರೆಗಳನ್ನ ಒಳಗೆ ಬಿಡದೆ ಬಾಗಿಲಲ್ಲೇ ತಡೆದು ನಿಲ್ಲಿಸಿದ್ದ :-) ಆ ಹೊತ್ತಲ್ಲಿ ಬಾಸ್ಟನ್‌ನವರು ತಮ್ಮ ಜನಕ್ಕೆ ಹೇಳಿದ್ದೇನು ಗೊತ್ತಾ? ತುರ್ತು ಇದ್ರೆ ಹತ್ತಿರದ ಕೆಂಪು ಪೆಟ್ಟಿಗೆಯ ಕೊಕ್ಕೆ ಎಳೀರಿ ಅಂತ. 172 ವರ್ಷದ ಅಜ್ಜ ಎದ್ದು ಬಂದು ಡ್ಯೂಟಿ ಮಾಡಿದ.

ಇದನ್ನ ಆಫೀಸಿನಲ್ಲಿ ಊಟದ ಹೊತ್ತಲ್ಲಿ ಹೇಳಿದ್ರೆ ಎಲ್ಲರೂ ನಕ್ಕರು. ನಮ್ಮ ಕಸುಬಲ್ಲಿ 'ಲೆಗಸಿ' ಅನ್ನೋದು ಹೆಚ್ಚೂಕಮ್ಮಿ ಬೈಗುಳ. ಹಳೇದು ಅಂತ ಕಂಡ ಕೂಡಲೇ ಕೈ ಕಡಿಯೋಕೆ ಶುರು, ಹೊಸದಾಗಿ ಬರೆದುಬಿಡೋಣ ಅಂತ. ಶಾಪಿಂಗ್ ಸೈಟಿಗೆ ಅದು ನಡೆಯುತ್ತೆ. ಬಿದ್ದರೆ ಯಾರೋ ಒಂದು ಜೊತೆ ಚಪ್ಪಲಿ ನಾಳೆ ಕೊಳ್ತಾರೆ. ಬೆಂಕಿ ಬಿದ್ದ ಮನೆಯವರ ಕರೆ ತಗೊಂಡು ಗಾಡಿ ಕಳಿಸೋ ವ್ಯವಸ್ಥೆಗೆ ಆ ಬುದ್ಧಿ ಬೇಡ ಅನ್ನೋದು ನನ್ನ ವಾದ. ಬದಲಾಯಿಸಬಾರದು ಅಂತಲ್ಲ, ಖಂಡಿತ ಬದಲಾಯಿಸಬೇಕು. ಆದರೆ ಹೊಸದು ಕೆಟ್ಟು ಕೂತ ದಿನ ಏನು ಉಳಿದಿರುತ್ತೆ ಅನ್ನೋದನ್ನ ಮೊದಲು ತೋರಿಸಿ, ಆಮೇಲೆ ಹೊಸದರ ಡೆಮೋ ತೋರಿಸಿ.

(ಈ 'ಡಿಸ್ಪ್ಯಾಚ್'ಗೆ ಕನ್ನಡದಲ್ಲಿ ಒಳ್ಳೆ ಪದ ಹೊಳೀತಿಲ್ಲ. 'ರವಾನೆ' ಅಂದ್ರೆ ಪಾರ್ಸೆಲ್ ಕಳಿಸಿದ ಹಾಗಾಗುತ್ತೆ. ಯಾರಿಗಾದ್ರೂ ಹೊಳೆದ್ರೆ ಹೇಳಿ.)

ನಮ್ಮವರ ದುಡುಕಿಗೆ ದೊಡ್ಡ ಸಾಕ್ಷಿ ಲಂಡನ್ನಿನದು. ಅದು ಅಗ್ನಿಶಾಮಕ ಅಲ್ಲ, ಆಂಬ್ಯುಲೆನ್ಸು, ಆದರೆ ಕೆಲಸ ಅದೇ. ಕರೆ ತಗೊಳ್ಳೋದು, ಹತ್ತಿರದ ಗಾಡಿ ಹುಡುಕೋದು, ಕಳಿಸೋದು. ಅದುವರೆಗೆ ಎಲ್ಲಾ ಕಾಗದದ ಚೀಟಿ ಮೇಲೆ ನಡೀತಿತ್ತು. 1992ರ ಅಕ್ಟೋಬರ್ 26ರಂದು ಒಂದೇ ಏಟಿಗೆ ಕಂಪ್ಯೂಟರಿಗೆ ಹೋದರು. ಯಾವ ಗಾಡಿ ಎಲ್ಲಿದೆ ಅನ್ನೋದು ಕಂಪ್ಯೂಟರಿಗೆ ಸದಾ ಸರಿಯಾಗಿ ಗೊತ್ತಿರುತ್ತೆ ಅನ್ನೋ ನಂಬಿಕೆ ಮೇಲೆ ಇಡೀ ಕಟ್ಟಡ ನಿಂತಿತ್ತು. ಗೊತ್ತಿರಲಿಲ್ಲ. ಒಂದು ಕಡೆಗೆ ಎರಡು ಗಾಡಿ ಹೋದವು, ಇನ್ನೊಂದು ಕಡೆಗೆ ಹೋಗಲೇ ಇಲ್ಲ. ಗಾಬರಿಯಾದ ಜನ ಮತ್ತೆ ಮತ್ತೆ ಫೋನ್ ಮಾಡಿದರು, ಅದರಿಂದ ಕರೆಗಳ ಸಾಲು ಇನ್ನೂ ಉದ್ದ ಆಯ್ತು. ಮಾರನೇ ದಿನವೇ ಅರ್ಧ ಕೈಕೆಲಸಕ್ಕೆ ಇಳಿದರು.

ಅಲ್ಲಿಗೆ ಮುಗೀಲಿಲ್ಲ. ನವೆಂಬರ್ 4ರ ನಸುಕಲ್ಲಿ ಉಳಿದಿದ್ದೂ ನಿಂತುಹೋಯ್ತು. ಸುಮಾರು ಮೂರು ವಾರದ ಹಿಂದೆ ಒಬ್ಬ ಪ್ರೋಗ್ರಾಮರ್ ಏನೋ ತಿದ್ದುವಾಗ ಬಿಟ್ಟುಹೋದ ಒಂದು ಚೂರು ಕೋಡ್ ಇತ್ತಂತೆ. ಪ್ರತಿ ಸಲ ಗಾಡಿ ಕಳಿಸಿದಾಗಲೂ ಸರ್ವರ್‌ನಲ್ಲಿ ಒಂದಿಷ್ಟು ಮೆಮೊರಿ ಹಿಡಿದುಕೊಂಡು ವಾಪಸ್ ಕೊಡ್ತಿರಲಿಲ್ಲ. ಮೂರು ವಾರಕ್ಕೆ ಪಾತ್ರೆ ತುಂಬಿತು. ಮೆಮೊರಿ ಲೀಕ್! ಕಾಲೇಜಿನ ಎರಡನೇ ವರ್ಷದಲ್ಲಿ ಸಿ ಭಾಷೆ ಕಲಿಸುವಾಗ ಹೇಳಿಕೊಡೋ ಪಾಠ. ಬದಲಿ ಸರ್ವರ್ ಇತ್ತು, ಆದರೆ ಇಂಥ ಹೊತ್ತಲ್ಲಿ ಅದು ಎದ್ದು ನಿಲ್ಲುತ್ತೋ ಇಲ್ಲವೋ ಅಂತ ಪೂರ್ತಿ ಪರೀಕ್ಷೆ ಮಾಡಿರಲಿಲ್ಲ. ಕೊನೆಗೆ ಆ ರಾತ್ರಿ ಪಾಳಿಯವರು ಏನು ಮಾಡಿದರು? ಪೆನ್ನು, ಕಾಗದ, ಫೋನು. ಕೆಲವೇ ದಿನದ ಹಿಂದಿನವರೆಗೂ ಅದನ್ನೇ ಮಾಡ್ತಿದ್ದ ಕೈಗಳು ಅಲ್ಲೇ ಇದ್ದವು, ಬಚಾವಾದರು. ಅದೇ ಘಟನೆ ಹತ್ತು ವರ್ಷ ಬಿಟ್ಟು ಆಗಿದ್ದರೆ? ಆಗ ಚೀಟಿ ಬರೆಯೋಕೆ ಬರುವವರು ಆ ಕೋಣೆಯಲ್ಲಿ ಎಷ್ಟು ಜನ ಇರ್ತಿದ್ರು?

ಅದೇ ಲಂಡನ್ ಆಂಬ್ಯುಲೆನ್ಸಿನವರು ಆಮೇಲೆ ತಮ್ಮೊಳಗೇ, ಕರೆ ತಗೊಳ್ಳೋ ಸಿಬ್ಬಂದಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು, ಚೂರುಚೂರಾಗಿ ಹೊಸದನ್ನ ಕಟ್ಟಿ 1996ರಲ್ಲಿ ಜಾರಿಗೆ ತಂದರು. ಅದು ಓಡಿತು. ಓಡಿದ ಕತೆಯನ್ನ ಯಾವ ಪಠ್ಯಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಹೇಳಲ್ಲ, ಬಿದ್ದ ಕತೆಯನ್ನ ಮಾತ್ರ ಎಲ್ಲಾ ಕಡೆ ಹೇಳ್ತಾರೆ. ನಾನೂ ಅದನ್ನೇ ಮಾಡಿದೆ ನೋಡಿ.

ಇಷ್ಟೆಲ್ಲ ಆದಮೇಲೆ ಇಂಗ್ಲೆಂಡಿನವರು ಪಾಠ ಕಲಿತಿರಬೇಕು ಅಂದ್ಕೊಂಡ್ರಾ? 2004ರಲ್ಲಿ ಅಲ್ಲಿನ ಸರ್ಕಾರ 'ಫೈರ್‌ಕಂಟ್ರೋಲ್' ಅಂತ ಒಂದು ಯೋಜನೆ ಹಾಕಿಕೊಂಡಿತು. ಇಂಗ್ಲೆಂಡಿನ 46 ಅಗ್ನಿಶಾಮಕ ಕಂಟ್ರೋಲ್ ರೂಮುಗಳನ್ನ ಮುಚ್ಚಿ 9 ದೊಡ್ಡ ಪ್ರಾದೇಶಿಕ ಕೇಂದ್ರ ಮಾಡೋದು, ಎಲ್ಲಕ್ಕೂ ಒಂದೇ ಸಾಫ್ಟ್‌ವೇರು. ಪವರ್‌ಪಾಯಿಂಟಿನಲ್ಲಿ ಎಷ್ಟು ಚಂದ ಕಂಡಿರಬೇಡ! ಆದರೆ ಒಂದೊಂದು ಊರಿನ ಅಗ್ನಿಶಾಮಕದವರ ಪದ್ಧತಿ ಒಂದೊಂದು ಥರ. ಅವರನ್ನ ಸರಿಯಾಗಿ ಕೇಳಿರಲಿಲ್ಲ, ಒಪ್ಪಿಸಿರಲಿಲ್ಲ. ಕಟ್ಟಡಗಳು ಎದ್ದವು, ಸಾಫ್ಟ್‌ವೇರು ಬರಲೇ ಇಲ್ಲ. 2010ರ ಡಿಸೆಂಬರಿನಲ್ಲಿ ಯೋಜನೆಯನ್ನೇ ರದ್ದು ಮಾಡಿದರು. ಅಲ್ಲಿನ ಲೆಕ್ಕಪರಿಶೋಧಕರು 2011ರಲ್ಲಿ ಹೇಳಿದ ಪ್ರಕಾರ ಕಡಿಮೆಯೆಂದರೂ 46 ಕೋಟಿ 90 ಲಕ್ಷ ಪೌಂಡು ನೀರಲ್ಲಿ ಹೋಮ. ಅದೇ ವರ್ಷ ಸಂಸತ್ತಿನ ಸಮಿತಿ ನೋಡಿದಾಗಲೂ 9ರಲ್ಲಿ 8 ಕಟ್ಟಡ ಖಾಲಿ ಬಿದ್ದಿದ್ದವು. ಆಮೇಲೆ ಮಾಡಿದ್ದೇನು? 8 ಕೋಟಿ ಪೌಂಡಿಗಿಂತ ಸ್ವಲ್ಪ ಹೆಚ್ಚು ದುಡ್ಡನ್ನ ಆಯಾ ಊರಿನ ಅಗ್ನಿಶಾಮಕ ಸಂಸ್ಥೆಗಳಿಗೆ ಹಂಚಿ, ನಿಮ್ಮದನ್ನ ನೀವೇ ಸುಧಾರಿಸಿಕೊಳ್ಳಿ ಅಂದರು. ಮೊದಲೇ ಅಂದಿದ್ರೆ!

'ಹಾಗಾದ್ರೆ ಹಳೇದೇ ಇರಲಿ ಅಂತೀಯಾ?' ಅಂತ ಕೇಳಬೇಡಿ. ಹಳೇದನ್ನ ಹಾಗೇ ಬಿಟ್ಟರೆ ಏನಾಗುತ್ತೆ ಅನ್ನೋದನ್ನ ನಾವು ಇಲ್ಲೇ ನೋಡಿದ್ದೀವಿ. 2022ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ 108 ಆಂಬ್ಯುಲೆನ್ಸ್ ಸಹಾಯವಾಣಿ ರಾಜ್ಯದಾದ್ಯಂತ ಕೈಕೊಡ್ತಲ್ಲ, ನೆನಪಿದೆಯಾ? 2008ರಲ್ಲಿ ಶುರುವಾದ ಸೇವೆ. ಹಳೇ ಯಂತ್ರದ ಮದರ್‌ಬೋರ್ಡ್ ಸುಟ್ಟು, ಸಿಬ್ಬಂದಿ ಕೈಯಲ್ಲಿ ಬರೆದುಕೊಂಡು ಆಂಬ್ಯುಲೆನ್ಸಿಗೆ ಫೋನ್ ಮಾಡಿ ಹೇಳೋ ಪರಿಸ್ಥಿತಿ ಬಂತು. ಕರ್ನಾಟಕಕ್ಕೆಲ್ಲ ಒಂದೇ ಕೇಂದ್ರ, ಅದಕ್ಕೊಂದು ಮದರ್‌ಬೋರ್ಡು. ನಮ್ಮ ಭಾಷೇಲಿ ಹೇಳೋದಾದ್ರೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ನಮ್ಮಜ್ಜಿ ಭಾಷೇಲಿ, ಇರೋ ಮೊಟ್ಟೆಯೆಲ್ಲ ಒಂದೇ ಬುಟ್ಟೀಲಿ. ಬಾಸ್ಟನ್ನಿನ ಪೆಟ್ಟಿಗೆ ಹಳೇದಾದರೂ ಅದಕ್ಕೆ ಎಣ್ಣೆ ಬಿಡೋರು, ಪರೀಕ್ಷೆ ಮಾಡೋರು, ತಂತಿ ನೋಡಿಕೊಳ್ಳೋರು ಇದ್ದಾರೆ. ಹಳೇದಾಗೋದು ಬೇರೆ, ಅನಾಥವಾಗೋದು ಬೇರೆ.

ಇನ್ನು ಬೆಂಕಿ ಪೆಟ್ಟಿಗೆಯ ಇನ್ನೊಂದು ಗುಣ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅದು ವಿಳಾಸ ಕೇಳಲ್ಲ. ಪೆಟ್ಟಿಗೆಯ ನಂಬರೇ ವಿಳಾಸ. ಎಳೆದವನು ಗಾಬರಿಯಲ್ಲಿ ಮಾತು ಮರೆತಿದ್ದರೂ, ಭಾಷೆ ಬರದಿದ್ದರೂ, ಮೂಗನಾದರೂ ಗಾಡಿ ಆ ಮೂಲೆಗೆ ಬರುತ್ತೆ. ನ್ಯೂಯಾರ್ಕಿನಲ್ಲಿ ಸುಳ್ಳು ಕರೆ ಜಾಸ್ತಿ, ಖರ್ಚು ಜಾಸ್ತಿ ಅಂತ ಇಂಥ ಪೆಟ್ಟಿಗೆಗಳನ್ನ ಕೀಳೋಕೆ ಹೊರಟಾಗ 1996ರಲ್ಲಿ ನ್ಯಾಯಾಲಯ ತಡೆಯಿತು, ಕಿವಿ ಕೇಳದವರು ರಸ್ತೆಯಿಂದ ಸಹಾಯ ಕರೆಯೋಕೆ ಬೇರೆ ದಾರಿ ಇಲ್ಲ ಅಂತ ಕಾರಣ ಕೊಟ್ಟು. ಇಂಥದ್ದು ನಮ್ಮ ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿನಲ್ಲಿ ಎಂದಾದರೂ ಬರುತ್ತಾ?

ಈಗ ಬೆಂಗಳೂರಿಗೆ ಬನ್ನಿ. 'ಸಾರ್, ಬೆಂಕಿ ಬಿದ್ದಿದೆ, ನಾಲ್ಕನೇ ಕ್ರಾಸು, ಎರಡನೇ ಮೇನು.' ಯಾವ ಬಡಾವಣೆ ಸ್ವಾಮಿ? ಯಾವ ಬ್ಲಾಕು? ಯಾವ ಸ್ಟೇಜು? 'ಗಣೇಶನ ಗುಡಿ ಪಕ್ಕ ಸಾರ್.' ಗಣೇಶನ ಗುಡಿ ಇಲ್ಲದ ಕ್ರಾಸು ತೋರಿಸಿ ನೋಡೋಣ! ಆ ಏರಿಯಾದ ಠಾಣೆಯಲ್ಲಿ ಹತ್ತು ವರ್ಷ ಇದ್ದವರಿಗೆ ಅಷ್ಟು ಹೇಳಿದರೆ ಸಾಕು, ಯಾವ ಗುಡಿ, ಯಾವ ಕಡೆಯಿಂದ ಬಂದರೆ ದೊಡ್ಡ ಗಾಡಿ ತಿರುಗುತ್ತೆ, ಎಲ್ಲಿ ತಂತಿ ಜೋತುಬಿದ್ದಿದೆ ಎಲ್ಲಾ ಗೊತ್ತಾಗುತ್ತೆ. ದೇಶಕ್ಕೆಲ್ಲ ಒಂದೇ ನಂಬರ್ ಅಂತ 112 ಬಂತು, 2018ರಲ್ಲಿ ಹಿಮಾಚಲದಲ್ಲಿ ಶುರುವಾಗಿ ಆಮೇಲೆ ನಮ್ಮಲ್ಲಿಗೂ. ಒಳ್ಳೇದೇ. ಗಾಬರಿಯಲ್ಲಿರೋನು 100, 101, 108 ಅಂತ ಲೆಕ್ಕ ಹಾಕಬೇಕಿಲ್ಲ. ಆದರೆ ಕರೆ ಊರಿಂದ ದೂರ ಹೋದಷ್ಟೂ ಆ ಗಣೇಶನ ಗುಡಿ ಗೊತ್ತಿರೋ ಕಿವಿಯೂ ದೂರ ಆಗುತ್ತೆ. ಅದನ್ನ ಸಾಫ್ಟ್‌ವೇರಲ್ಲಿ ತುಂಬಬೇಕು. ತುರ್ತು ಕರೆ ಮಾಡಿದಾಗ ಫೋನೇ ತಾನಾಗಿ ಸ್ಥಳ ಕಳಿಸೋ ತಂತ್ರ ಬ್ರಿಟನ್ನಿನಲ್ಲಿ 2014ರಲ್ಲೇ ಶುರುವಾಯ್ತು. ನನ್ನ ಕೇಳಿದ್ರೆ ಗೋಡೆ ತುಂಬಾ ಪರದೆ ಹಾಕೋಕೆ ಮೊದಲು ಇದಕ್ಕೆ ದುಡ್ಡು ಸುರೀಬೇಕು. ಅದರ ಜೊತೆಗೆ ಪ್ರತಿ ಠಾಣೆಯವರನ್ನ ಕೂರಿಸಿಕೊಂಡು ಅವರ ಏರಿಯಾದ ಗುಡಿ, ಶಾಲೆ, ಕಲ್ಯಾಣಮಂಟಪ, ಓಣಿಯ ಅಗಲ ಎಲ್ಲವನ್ನೂ ನಕ್ಷೆಗೆ ಏರಿಸಬೇಕು. ಯಾವ ಕಂಪನಿಯೂ ಇದಕ್ಕೆ ಆಸೆಪಡಲ್ಲ, ರಿಬ್ಬನ್ ಕತ್ತರಿಸೋಕೆ ಏನೂ ಸಿಗಲ್ಲ.

ಸ್ಥಳ ಸಿಕ್ಕರೂ ಮಹಡಿ ಸಿಗಬೇಕಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ತೀರಿಕೊಂಡರು. ಒಳಗೆ ಸಿಕ್ಕಿಹಾಕಿಕೊಂಡವರು ಫೋನ್ ಮಾಡಿ ತಾವು ಯಾವ ಮಹಡಿಯಲ್ಲಿದ್ದೀವಿ ಅಂತ ಕಂಟ್ರೋಲ್ ರೂಮಿಗೆ ಹೇಳ್ತಾನೇ ಇದ್ದರು. ಆ ಮಾಹಿತಿ ಅಲ್ಲಿಂದ ಕಟ್ಟಡದ ಕೆಳಗಿದ್ದವರಿಗೆ ಮುಟ್ಟಿದ್ದು ಫೋನಿನಲ್ಲಿ ಹೇಳಿ, ಚೀಟಿಯಲ್ಲಿ ಬರೆದು, ಕೈಯಿಂದ ಕೈಗೆ. ಆ ದಾರಿ ಆವತ್ತಿನ ಹೊತ್ತಿಗೆ ಹೇಗೋ ಹೊಂದಿಸಿಕೊಂಡದ್ದು, ತಪ್ಪಿಗೆ ಎಡೆ ಕೊಡುವಂಥದ್ದು ಅಂತ 2019ರ ತನಿಖಾ ವರದಿ ಹೇಳಿತು. ಗಾಡಿ ಹೊರಡಿಸಿದ ತಕ್ಷಣ 'ಟಿಕೆಟ್ ಕ್ಲೋಸ್ಡ್' ಅಂತ ಹಾಕೋ ಅಭ್ಯಾಸ ನಮ್ಮದು. ಅಲ್ಲಿ ಅಸಲಿ ಕೆಲಸ ಶುರುವಾಗೋದೇ ಆಮೇಲೆ.

ನಮ್ಮ ಟೆಕ್ ಪಾರ್ಕಿನಲ್ಲಿ ಆರು ತಿಂಗಳಿಗೊಮ್ಮೆ ಫೈರ್ ಡ್ರಿಲ್ ಆಗುತ್ತೆ. ಲ್ಯಾಪ್‌ಟಾಪು, ಕಾಫಿ ಕಪ್ಪು ಹಿಡ್ಕೊಂಡು ಕೆಳಗಿಳಿದು, ಒಂದು ಸೆಲ್ಫಿ ತೆಗೆದು ಮೇಲೆ ಹತ್ತೋದು. ಕಂಟ್ರೋಲ್ ರೂಮಿಗೂ ಇಂಥದ್ದೊಂದು ಬೇಕು ಅಂತ ನನಗನ್ಸುತ್ತೆ, ಸೆಲ್ಫಿ ಬಿಟ್ಟು. ತಿಂಗಳಿಗೊಂದು ಸಲ ಒಂದು ಗಂಟೆ ಬೇಕಂತಲೇ ಪರದೆಗಳನ್ನ ಆರಿಸಿ, ಕಾಗದದ ಮೇಲೆ ಕರೆ ತಗೊಂಡು, ವೈರ್‌ಲೆಸ್ಸಿನಲ್ಲಿ ಗಾಡಿ ಹೊರಡಿಸಿ ನೋಡಬೇಕು. ಟೆಂಡರಿನಲ್ಲೇ ಈ ಷರತ್ತು ಬರೀಬೇಕು. ಹೊಸ ವ್ಯವಸ್ಥೆ ಮಾರೋಕೆ ಬಂದವರ ಕೈಲೇ ಮೊದಲ ಸಲದ ಪ್ಲಗ್ ಕೀಳಿಸಬೇಕು, ಮುಖ ನೋಡಬೇಕು :-)

ಅಲ್ಲೀವರೆಗೂ ಒಂದು ಸಣ್ಣ ಕೆಲಸ ಇದೆ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಕೋಣೆಯ ಗೋಡೆ ಮೇಲೆ ಕೇಬಲ್‌ನವನದು, ನೀರಿನ ಟ್ಯಾಂಕರ್‌ನವನದು, ಲಿಫ್ಟ್ ರಿಪೇರಿಯವನದು, ಹೀಗೆ ಹನ್ನೊಂದು ಫೋನ್ ನಂಬರ್ ಇದ್ದವು. ನಮ್ಮ ಏರಿಯಾದ ಅಗ್ನಿಶಾಮಕ ಠಾಣೆಯ ನೇರ ನಂಬರ್ ಇರಲಿಲ್ಲ. ಹೋದ ಭಾನುವಾರ ಠಾಣೆಗೇ ಹೋಗಿ ಕೇಳಿ ತಂದು, 112 ಮತ್ತು 101ರ ಕೆಳಗೆ ಅದನ್ನೂ ಬರೆದು, ಅದರಡಿ ನಮ್ಮ ಕಟ್ಟಡದ ಪೂರ್ತಿ ವಿಳಾಸ, ದೊಡ್ಡ ಗಾಡಿ ಯಾವ ಗೇಟಿಂದ ಒಳಗೆ ಬರಬಹುದು ಅನ್ನೋದನ್ನ ದಪ್ಪಕ್ಷರದಲ್ಲಿ ಅಂಟಿಸಿದ್ದೀನಿ. ವಾಚ್‌ಮನ್ ಒಡಿಶಾದವನು, ಅವನಿಗೆ ಕನ್ನಡ ಓದೋಕೆ ಬರಲ್ಲ. ಈ ವಾರ ಅವನ ಹತ್ತಿರವೇ ಕೂತು ಒಡಿಯಾದಲ್ಲಿ ಬರೆಸಬೇಕು.