ಬೆರಕೆಯಲ್ಲೇ ಇದೆ ಬೋರ್ಡೊದ ಗತ್ತು

ಒಂದೇ ದ್ರಾಕ್ಷಿಯಿಂದ ಮಾಡಿದ್ದೇ ಅಸಲಿ ವೈನ್, ಬೆರೆಸಿದ್ದು ಎರಡನೇ ದರ್ಜೆ ಎನ್ನುವವರು ನನ್ನ ಸ್ನೇಹಿತರಲ್ಲೇ ಇದ್ದಾರೆ. ಅವರ ಜತೆ ನನ್ನದು ಹಳೇ ಜಗಳ. ಫ್ರಾನ್ಸಿನ ಬೋರ್ಡೊ ಕೆಂಪು ವೈನ್ ಹೆಸರು ಮಾಡಿದ್ದೇ ಬೆರಕೆಯಿಂದ.

ಅಲ್ಲಿನ ಜಿರೋಂಡ್ ಅಳಿವೆಯ ಎಡದಂಡೆಯ ಮೆಡಾಕ್‌ನಲ್ಲಿ ಒಳ್ಳೆಯ ತೋಟಗಳೆಲ್ಲ ಗರಸು ನೆಲದಲ್ಲಿವೆ. ನೀರು ನಿಲ್ಲದ, ಬಿಸಿಲಿಗೆ ಕಾಯುವ ಆ ನೆಲದಲ್ಲಿ ಕ್ಯಾಬರ್ನೆ ಸೋವಿನ್ಯೊಂ ದ್ರಾಕ್ಷಿ ತಡವಾಗಿಯಾದರೂ ಹದವಾಗಿ ಮಾಗುತ್ತದೆ. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಎಳೆಯ ವೈನನ್ನು ಬಾಯಿಗಿಟ್ಟರೆ ಒಸಡು ಬಿಗಿಯುವಷ್ಟು ಒಗರು. ಆ ಒಗರೇ ಅದನ್ನು ದಶಕಗಟ್ಟಲೆ ಕಾಯುತ್ತದೆ, ನಿಜ. ಆದರೆ ಬರೀ ಎಲುಬಿದ್ದರೆ ಸಾಕೆ? ಮೈ ತುಂಬುವುದು ಮೆರ್ಲೊ ತಳಿ. ಅದು ಬೇಗ ಮಾಗುತ್ತದೆ, ಜೇಡಿಮಣ್ಣಿಗೂ ಒಗ್ಗುತ್ತದೆ. ಕೊಯ್ಲಿನ ಹೊತ್ತಿನ ಮಳೆ ಕ್ಯಾಬರ್ನೆಯನ್ನು ಕೆಡಿಸಿದ ವರ್ಷ ಕೈಹಿಡಿಯುವುದು ಅದೇ. ಬೇಗ ಚಿಗುರಿ ವಸಂತದ ಹಿಮಕ್ಕೆ ಸಿಕ್ಕಿಬೀಳುವುದೂ ಅದೇ. ಕ್ಯಾಬರ್ನೆ ಫ್ರಾಂಕ್ ಪರಿಮಳಕ್ಕೆ. ಪೆತಿ ವೆರ್ದೊ ಮಾತ್ರ ಇಂಗಿದ್ದ ಹಾಗೆ, ಚಿಟಿಕೆ ಸಾಕು.

ಇಷ್ಟೆಲ್ಲ ಲೆಕ್ಕಾಚಾರವಿದ್ದರೂ ಜನ ದುಡ್ಡು ಸುರಿಯುವುದು 1855ರ ದರ್ಜೆಪಟ್ಟಿ ನೋಡಿ! ದಲ್ಲಾಳಿಗಳು ಅಂದಿನ ಮಾರುಕಟ್ಟೆ ಬೆಲೆಯನ್ನು ಆಧರಿಸಿ ಮಾಡಿದ ಪಟ್ಟಿ ಅದು. ಬಲದಂಡೆಯ ಪೊಮೆರೊಲ್‌ಗೆ ಅದರಲ್ಲಿ ಜಾಗವೇ ಇಲ್ಲ. ಆ ಪಟ್ಟಿಗೆ ಅಷ್ಟೊಂದು ಮರ್ಯಾದೆ ಯಾಕೋ ನನಗೆ ಅರ್ಥವಾಗುವುದಿಲ್ಲ.

ಸೆಕೆ ಏರುತ್ತಿರುವುದರಿಂದ 2021ರಲ್ಲಿ ಪೋರ್ಚುಗಲ್‌ನ ತೂರಿಗಾ ನಾಸಿಯೊನಾಲ್ ಸೇರಿ ಕೆಲವು ಹೊಸ ತಳಿಗಳಿಗೆ ಬೋರ್ಡೊದಲ್ಲಿ ಅನುಮತಿ ಸಿಕ್ಕಿತು. ಮಿಶ್ರಣದಲ್ಲಿ ಅವುಗಳ ಪಾಲು ಶೇ 10 ಮೀರುವಂತಿಲ್ಲ. ಸಂಪ್ರದಾಯ ಕೆಟ್ಟಿತೆಂದು ಗೊಣಗುವವರು ಗೊಣಗಲಿ, ನನ್ನ ಮತ ಹೊಸ ತಳಿಗಳಿಗೇ.